ಪುಸ್ತಕದಲ್ಲಿಲ್ಲದ ಮೂರು ಬಡಿತ

ಹಳೆಯ ನಾಟಕದ ಟೇಪನ್ನು ಯಂತ್ರ ಕೇಳಿಸಿಕೊಂಡು ಬರೆದ ಮಾತು ನಾಟಕದ ಪುಸ್ತಕದಲ್ಲಿ ಇಲ್ಲದಿದ್ದರೆ ಪರದೆಯ ಮೇಲೆ ಕೆಂಪಾಗಿ ಕಾಣಿಸುತ್ತಿತ್ತು. ನಟ ತಾನಾಗಿ ಸೇರಿಸಿದ ಮಾತಾದರೆ ಅದನ್ನು ಉಳಿಸಬೇಕು, ಯಂತ್ರದ ಕನವರಿಕೆಯಾದರೆ ಹೊಡೆದುಹಾಕಬೇಕು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಎರಡು ವರ್ಷದಿಂದ ಅವಳು ಮಾಡುತ್ತಿದ್ದ ಕೆಲಸ ಇಷ್ಟೇ. ಅದಕ್ಕೂ ಮೊದಲು ಹದಿನೆಂಟು ವರ್ಷ ಒಂದು ಮುದ್ರಣಾಲಯದಲ್ಲಿ ಪ್ರೂಫು ನೋಡಿ ಕಣ್ಣು ಸವೆಸಿದ್ದಳು. ಆದ್ದರಿಂದ ಇಲ್ಲಿ ಎಲ್ಲರಿಗೂ ಪ್ರೂಫಕ್ಕ. ಔಷಧಿ ಚೀಟಿಯಲ್ಲೂ ಅಕ್ಷರದೋಷ ಹುಡುಕುತ್ತಾಳೆ ಎಂದು ಹಿಂದಿನಿಂದ ನಗುತ್ತಿದ್ದರು. ಸುಳ್ಳೇನಲ್ಲ, ಹುಡುಕುತ್ತಿದ್ದಳು.

ಆ ಸೋಮವಾರ, ಮೂರನೇ ಅಂಕದ ನಡುವೆ, ಅರಸನ ಉದ್ದನೆಯ ಮಾತಿನೊಳಗೆ 'ಅಪ್ಪಾ... ಅಪ್ಪಾ' ಎಂದು ಕೆಂಪಾಗಿ ಬಂತು. ಆ ನಾಟಕದಲ್ಲಿ ಮಗುವಿನ ಪಾತ್ರವೇ ಇಲ್ಲ. ಅರಸನ ಅಪ್ಪನೋ, ಮೊದಲನೇ ಅಂಕಕ್ಕೂ ಮುಂಚೆಯೇ ತೀರಿಹೋಗಿದ್ದಾನೆ. ಯಂತ್ರಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಅವಳು ಎರಡು ಪದವನ್ನೂ ಹೊಡೆದುಹಾಕಿ ಮುಂದಕ್ಕೆ ಹೋದಳು. ಅವಳ ಕಣ್ಣು ಅವತ್ತು ಹುಡುಕುತ್ತಿದ್ದುದು ಬೇರೆಯದನ್ನು.

ಯಾಕೆಂದರೆ ಆ ಟೇಪು ಅವಳ ಮನೆ ಹಾಳಾದ ಮಧ್ಯಾಹ್ನದ ಟೇಪು. ಮೂವತ್ತೊಂದು ವರ್ಷದ ಹಿಂದೆ, ಕಂಪನಿಯ ಮಧ್ಯಾಹ್ನದಾಟದಲ್ಲಿ, ಅವಳ ಸೋದರಮಾವ, ಅಮ್ಮನಿಗೆ ಇದ್ದೊಬ್ಬ ತಮ್ಮ, ರಂಗದ ನೆಲಬಾಗಿಲಿನಿಂದ ಕೆಳಗೆ ಬಿದ್ದು ಸತ್ತಿದ್ದ. ಅವನದು ಸುಳ್ಳುಗಾರ ಅರಸನ ಪಾತ್ರ. 'ನಾನು ಸುಳ್ಳಾಡಿದ್ದರೆ ಈ ನೆಲವೇ ನನ್ನನ್ನು ನುಂಗಲಿ' ಅಂದ ಕೂಡಲೇ ಗಂಟೆ ಬಾರಿಸಬೇಕು, ನೆಲ ಬಾಯಿಬಿಡಬೇಕು, ಅರಸ ಮಾಯವಾಗಬೇಕು, ಜನ ಚಪ್ಪಾಳೆ ಹೊಡೆಯಬೇಕು. ಅವತ್ತೂ ಹೊಡೆದರು. ಬೀಳುವವನಿಗೆಂದು ಕೆಳಗೆ ಬರಬೇಕಾದ ಹಾಸಿಗೆ ಬಂದಿರಲಿಲ್ಲ, ಬರೀ ಕಲ್ಲುನೆಲ ಇತ್ತು. ಗಂಟೆಯ ಹಗ್ಗ ಇರುತ್ತಿದ್ದುದು ಪ್ರಾಂಪ್ಟರನ ಕೈಯಲ್ಲಿ, ಅಂದರೆ ರಂಗದ ಪಕ್ಕದ ಮರದ ಗೂಡಿನಲ್ಲಿ ಪುಸ್ತಕ ಹಿಡಿದು ಕೂತು ನಟರಿಗೆ ಪಿಸುದನಿಯಲ್ಲಿ ಮಾತು ಎತ್ತಿಕೊಡುವವನ ಕೈಯಲ್ಲಿ. ಆ ಪ್ರಾಂಪ್ಟರು ಅವಳ ಅಪ್ಪ.

ಗಂಟೆ ಬಾರಿಸಿದ್ದು ನಾನೇ, ತಪ್ಪು ನನ್ನದೇ ಎಂದು ಅಪ್ಪ ಎಲ್ಲರ ಮುಂದೆ ಒಪ್ಪಿಕೊಂಡ. ಒಂದೂವರೆ ವರ್ಷ ಜೈಲಿನಲ್ಲಿದ್ದು ಬಂದ. ಆಮೇಲೆ ಯಾವ ಕಂಪನಿಯೂ ಅವನನ್ನು ಹತ್ತಿರ ಸೇರಿಸಲಿಲ್ಲ. ಅಂಚೆ ಲಕೋಟೆಗಳ ಮೇಲೆ ವಿಳಾಸ ಬರೆದು ಜೀವನ ಮಾಡಿದ. ಅಮ್ಮ, ಅದೇ ಕಂಪನಿಯಲ್ಲಿ ರಾಣಿಯಾಗಿ ಮೆರೆದವಳು, ಅಂದಿನಿಂದ ಗಂಡನ ಜೊತೆ ಒಂದು ಮಾತೂ ಆಡಲಿಲ್ಲ. ಒಂದೇ ಮನೆ, ಎರಡು ಕೋಣೆ, ನಡುವೆ ಒಂದು ಬಾಗಿಲು. ಮೂವತ್ತು ವರ್ಷದಲ್ಲಿ ಅಮ್ಮ ಆ ಬಾಗಿಲು ದಾಟಿ ಅಪ್ಪನ ಕೋಣೆಯೊಳಗೆ ಕಾಲಿಟ್ಟವಳಲ್ಲ. ಆದರೆ ಮೂರು ಹೊತ್ತೂ ತಾನೇ ಅಡಿಗೆ ಮಾಡಿ, ತಟ್ಟೆ ತಂದು, ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಇಟ್ಟು, ಬಾಗಿಲ ಚೌಕಟ್ಟಿಗೆ ಬೆರಳಗೆಣ್ಣಿನಿಂದ ಮೂರು ಸಲ ಬಡಿಯುವಳು. ಒಳಗಿನಿಂದ ಅಪ್ಪ 'ಹ್ಞೂಂ' ಅನ್ನುವನು. ಆಮೇಲಷ್ಟೇ ಅಮ್ಮ ತಟ್ಟೆಯ ಮೇಲಿನ ಕೈ ತೆಗೆದು ಹೋಗುವಳು. ಬೀದಿಯ ನಾಯಿಯನ್ನೂ ಬಾ ಅಂತ ಕರೀತಾರೆ, ಗಂಡನಿಗೆ ಬಾಗಿಲು ತಟ್ಟಿ ಹೋಗುತ್ತಾಳಲ್ಲ ಎಂದು ಮಗಳಿಗೆ ಹೊಟ್ಟೆ ಉರಿಯುತ್ತಿತ್ತು.

ಈಗ ಅಪ್ಪನ ಶ್ವಾಸಕೋಶ ಕೈಕೊಟ್ಟಿತ್ತು. ಇನ್ನು ಕೆಲವೇ ವಾರ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಷ್ಟರೊಳಗೆ ಅಮ್ಮ ಒಂದೇ ಒಂದು ಸಲ ಅವನನ್ನು ಮಾತಾಡಿಸಬೇಕು. ಮಗಳಿಗೆ ಬೇಕಾದದ್ದು ಅಷ್ಟೇ, ಅದಕ್ಕಿಂತ ಹೆಚ್ಚಿಗೆ ಅವಳು ಜನ್ಮದಲ್ಲಿ ಏನನ್ನೂ ಬಯಸಿರಲಿಲ್ಲ. ಅಪ್ಪನ ತಪ್ಪಿಲ್ಲ ಎಂದು ತೋರಿಸಿಕೊಟ್ಟರೆ ಅಮ್ಮ ಮಾತಾಡಿಯಾಳು. ಮಾವ ನಾಲ್ಕು ಸಾಲು ಹಾರಿಸಿ ಮುಂದಕ್ಕೆ ಹೋಗಿರಬೇಕು, ಅಪ್ಪ ಅವನ ಬೆನ್ನುಹಿಡಿದು ಗಂಟೆ ಬಾರಿಸಿರಬೇಕು ಎಂಬುದು ಅವಳ ಊಹೆ. ಅದಕ್ಕೇ ಕಾಡಿ ಬೇಡಿ ಆ ಟೇಪನ್ನು ತನ್ನ ಮೇಜಿಗೆ ಹಾಕಿಸಿಕೊಂಡಿದ್ದಳು.

ಟೇಪುಗಳ ಕತೆಯೇ ಒಂದು ಫಜೀತಿ. ಗಡಿಯಾರ ರಿಪೇರಿಯವನೊಬ್ಬ ನಾಟಕದ ಹುಚ್ಚಿಗೆ ಬಿದ್ದು, ಅದೇ ನಾಟಕದ ಹದಿನೇಳು ಆಟಗಳನ್ನು ದೊಡ್ಡ ದೊಡ್ಡ ಸುರುಳಿಗಳಲ್ಲಿ ತುಂಬಿಸಿಕೊಂಡಿದ್ದ. ಆ ರಂಗಮಂದಿರದಲ್ಲಿ ಕರೆಂಟಿನ ಪ್ಲಗ್ಗು ಇದ್ದುದು ಪ್ರಾಂಪ್ಟರನ ಗೂಡಿನ ಪಕ್ಕದಲ್ಲಿ ಮಾತ್ರ. ಹೀಗಾಗಿ ಮೈಕು ಇಟ್ಟದ್ದೂ ಅಲ್ಲೇ. ಪ್ರತಿ ಮಾತೂ ಎರಡು ಸಲ ಕೇಳಿಸುತ್ತಿತ್ತು, ಮೊದಲು ಪಿಸುದನಿಯಲ್ಲಿ, ಆಮೇಲೆ ನಟನ ಗಂಟಲಿನಲ್ಲಿ. ಯಂತ್ರ ಎರಡನ್ನೂ ಬರೆದು ಗೊಂದಲ ಎಬ್ಬಿಸುತ್ತಿತ್ತು. ಹೆಡ್‌ಫೋನು ಎಂದೇ ಎಲ್ಲರೂ ಕರೆಯುತ್ತಿದ್ದ ಬೋಳುತಲೆಯ ಧ್ವನಿತಜ್ಞ, ಯಾವುದು ಪಿಸುದನಿ ಎಂದು ಗುರುತು ಹಾಕಿಕೊಡಿ, ಯಂತ್ರಕ್ಕೆ ಕಲಿಸಿ ಅದನ್ನು ಸದ್ದಿನ ಬುಟ್ಟಿಗೆ ಎಸೆಯುತ್ತೇನೆ ಎಂದಿದ್ದ. ಆರು ತಿಂಗಳು ಕೂತು ಮೊದಲೆರಡು ಅಂಕಗಳಿಗೆ ಗುರುತು ಹಾಕಿಕೊಟ್ಟವಳು ಅವಳೇ. ಅಪ್ಪನ ದನಿಯನ್ನು ತನ್ನ ಕೈಯಾರೆ ಬುಟ್ಟಿಗೆ ಹಾಕುತ್ತಿದ್ದೇನೆ ಎಂದು ಆಗಲೂ ಅನ್ನಿಸಿತ್ತು. ಆದರೆ ಕೆಲಸ ಕೆಲಸವೇ.

ಅವತ್ತು ಸಂಜೆಯ ಹೊತ್ತಿಗೆ ಗೊತ್ತಾಯಿತು, ಮಾವ ಒಂದು ಸಾಲನ್ನೂ ಹಾರಿಸಿರಲಿಲ್ಲ. ಆದರೂ ಅವಳ ಎದೆ ಹಗುರಾಯಿತು. ಪುಸ್ತಕದಲ್ಲಿ 'ನುಂಗಲಿ' ಎಂಬ ಮಾತಿನ ಮುಂದೆ ಕಂಸದೊಳಗೆ 'ಗಂಟೆ' ಎಂದಿತ್ತು. ಟೇಪಿನಲ್ಲೂ ಗಂಟೆ ಬಂದದ್ದು ಅದೇ ಮಾತಿನ ಬೆನ್ನಿಗೆ, ಕೂದಲೆಳೆಯಷ್ಟೂ ಹಿಂದುಮುಂದಿಲ್ಲ. ಹಾಗಾದರೆ ಅಪ್ಪನ ತಪ್ಪೇನು? ಅವಳು ಓಡಿಹೋಗಿ ಯೋಜನೆಯ ಮುಖ್ಯಸ್ಥೆ ಮೇಡಂಗೆ ತೋರಿಸಿದಳು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಹಳೆಯ ಕಂಪನಿಯವರನ್ನೆಲ್ಲ ಮಾತಾಡಿಸಿದ್ದ ಹೆಂಗಸು ಅವರು. ಗಂಟೆ ಒಂದಲ್ಲ, ಎರಡು ಎಂದು ಬಿಡಿಸಿ ಹೇಳಿದರು. ಮೊದಲ ಗಂಟೆಗೆ ಕೆಳಗಿನವನು ಹಾಸಿಗೆಯ ಗಾಡಿಯನ್ನು ತಳ್ಳಿಕೊಂಡು ಬಂದು ನೆಲಬಾಗಿಲ ಕೆಳಗೆ ನಿಲ್ಲಿಸಿ, ಹಲಗೆಗೆ ಕೋಲಿನಿಂದ ಮೂರು ಸಲ ಬಡಿಯಬೇಕು. ಆ ಬಡಿತ ಕೇಳಿದ ಮೇಲೇ ಪ್ರಾಂಪ್ಟರು ಎರಡನೇ ಗಂಟೆ ಬಾರಿಸಬೇಕು, ಆಗ ಆಚೆ ಬದಿಯವನು ಅಗುಳಿ ಎಳೆಯುತ್ತಾನೆ. ಬಡಿತ ತಡವಾದರೆ ಮಾತನ್ನು ಎಳೆಯಲು ನಟನಿಗೆ ಪಿಸುಗುಡಬೇಕು. ಗಂಟೆಗಳು ಪುಸ್ತಕದಲ್ಲಿವೆ, ಬಡಿತ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ, ಗೂಡಿನಲ್ಲಿ ಕೂತವನ ಕಿವಿಗೂ ಕೆಳಗಿನವನ ಕೋಲಿಗೂ ಗೊತ್ತಿದ್ದ ವಿಷಯ. ಅವತ್ತು ಗಾಡಿಯ ಚಕ್ರ ಸಿಕ್ಕಿಕೊಂಡಿತ್ತು, ಬಡಿಯುವ ಮೊದಲೇ ಗಂಟೆ ಆಯಿತು.

ಅವಳು ಸುಮ್ಮನಾಗಲಿಲ್ಲ. ಬಡಿತವೂ ಸದ್ದೇ ತಾನೆ, ಬುಟ್ಟಿಯಲ್ಲಿ ಬಿದ್ದಿರಬೇಕು. ಮಾರನೆಯ ದಿನ ಬೆಳಿಗ್ಗೆ ಹೆಡ್‌ಫೋನಿನ ತಲೆ ತಿಂದು ಬುಟ್ಟಿ ತೆಗೆಸಿದಳು. ಆ ಮಧ್ಯಾಹ್ನದ, ಅಂದರೆ ಕೊನೆಯ, ಟೇಪಿನದು ಒರಟಾಗಿದೆ, ತೊಳೆದು ನಾಳೆ ಕೊಡುತ್ತೇನೆ ಎಂದು ಅವನು ಉಳಿದ ಹದಿನಾರನ್ನು ಕೊಟ್ಟ. ಅವಳು ಕಿವಿಗೆ ಹಾಕಿಕೊಂಡಳು. ಅಪ್ಪನ ಪಿಸುದನಿ, ಮೊದಲ ಗಂಟೆ, ಗಾಡಿಯ ಕಿರುಗುಟ್ಟು, ಆಮೇಲೆ ಮರಕ್ಕೆ ಟಕ್, ಟಕ್, ಟಕ್. ತಕ್ಷಣ ಅಪ್ಪನ ಗಂಟಲಿನಲ್ಲಿ ಸಣ್ಣದೊಂದು 'ಹ್ಞೂಂ'. ಎರಡನೇ ಗಂಟೆ.

ಹದಿನಾರು ಟೇಪಿನಲ್ಲೂ ಅದೇ. ಇದನ್ನು ಅವಳು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದಳು, ದಿನಕ್ಕೆ ಮೂರು ಸಲ, ತನ್ನ ಮನೆಯ ಬಾಗಿಲಲ್ಲಿ.

ಹಾಗಾದರೆ ಅಮ್ಮ ಬಡಿಯುತ್ತಿದ್ದುದು ಬರೀ ಬಾಗಿಲನ್ನಲ್ಲ. ನೀನು ಕೇಳಿಸಿಕೊಳ್ಳದೆ ನನ್ನ ತಮ್ಮನನ್ನು ಕೊಂದೆ, ತಗೋ, ಈಗ ಕೇಳಿಸಿಕೋ ಎಂದು ಪ್ರತಿ ತುತ್ತಿಗೂ ಮೊದಲು ಅವನ ಎದೆಗೆ ಬಡಿಯುತ್ತಿದ್ದಾಳೆ. ಮಗಳು ಕೆಂಡವಾದಳು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಗೆ ನುಗ್ಗಿದಳು. ಅಮ್ಮ ಒಲೆಯ ಮುಂದೆ ನಿಂತಿದ್ದಳು.

"ಆ ಬಡಿಯೋದನ್ನ ನಿಲ್ಸು ಅಮ್ಮ," ಅಂದಳು. "ಅದೇನು ಅಂತ ನಂಗೀಗ ಗೊತ್ತಾಯ್ತು. ಸಾಯೋ ಮನುಷ್ಯನಿಗೆ ದಿನಾ ಮೂರು ಹೊತ್ತು ಅದನ್ನೇ ನೆನಪು ಮಾಡ್ತೀಯಲ್ಲ, ನಿನ್ನ ಎದೇಲಿರೋದು ಕಲ್ಲಾ?"

ಅಮ್ಮನ ಮುಖದಲ್ಲಿ ಒಂದು ತೊಟ್ಟು ರಕ್ತ ಉಳಿಯಲಿಲ್ಲ. ಕೈ ಒರೆಸಿಕೊಂಡು, "ಆಯ್ತು, ಬಡಿಯಲ್ಲ," ಅಂದಳು.

ಆ ಹೊತ್ತು ತಟ್ಟೆ ಸದ್ದಿಲ್ಲದೆ ಸ್ಟೂಲಿನ ಮೇಲೆ ಬಂದು ಕೂತಿತು. ಮಗಳು ತಾನೇ ಒಳಗೆ ತೆಗೆದುಕೊಂಡು ಹೋದಳು. ಅಪ್ಪ ಮುಟ್ಟಲಿಲ್ಲ. ಹಸಿವಿಲ್ಲ ಅಂದ. ಬೆಳಿಗ್ಗೆಯೂ ಹಾಗೇ, ಹಾಲು ಕೆನೆಗಟ್ಟಿ ಆರಿಹೋಯಿತು. ಅವನ ಕಣ್ಣು ಬಾಗಿಲ ಮೇಲೇ ಇತ್ತು.

"ನಿಮ್ಮಮ್ಮ ಹುಷಾರಾಗಿದಾಳಾ?" ಎಂದು ಕೇಳಿದ.

ಹುಷಾರಾಗಿದ್ದಾಳೆ ಅಂದಳು ಮಗಳು.

"ಮತ್ತೆ ಬಡೀಲಿಲ್ಲ?"

ಕೆಲಸಕ್ಕೆ ಹೊತ್ತಾಯಿತು ಎಂದು ಚೀಲ ಹೆಗಲಿಗೇರಿಸಿದಳು.

ನೆಲಮಾಳಿಗೆಯಲ್ಲಿ ಕೊನೆಯ ಟೇಪಿನ ಬುಟ್ಟಿ ಸಿದ್ಧವಾಗಿತ್ತು. ಹೆಡ್‌ಫೋನು ಪರದೆಯ ಮೇಲಿನ ಬಣ್ಣದ ಪಟ್ಟಿಗಳನ್ನು ತೋರಿಸಿದ. ಯಂತ್ರ ಒಂದೊಂದು ದನಿಗೂ ಒಂದೊಂದು ಬಣ್ಣ ಹಚ್ಚುತ್ತಿತ್ತು. ಪಿಸುದನಿಯ ಪಟ್ಟಿ ಅರ್ಧದವರೆಗೆ ಬೂದು, ಅಲ್ಲಿಂದ ಮುಂದೆ ನೇರಳೆ.

"ಇಲ್ಲೊಂದು ಎಡವಟ್ಟಾಗಿದೆ ಅಕ್ಕಾ," ಅಂದ. "ನೇರಳೆ ಅಂದ್ರೆ ರಾಣಿ ದನಿ. ಮೂರನೇ ಅಂಕದಲ್ಲಿ ರಾಣಿಗೆ ಪಾತ್ರಾನೇ ಇಲ್ಲ ಅಲ್ವಾ? ಟೇಪು ಹಾಳಾಗಿರೋದಕ್ಕೆ ಯಂತ್ರ ತಪ್ಪು ತೋರಿಸ್ತಿದೆ. ನೀವು ಕೇಳಿ ಸರಿ ಮಾಡಿಬಿಡಿ."

ಅವಳು ಕೇಳಿದಳು. ಅಪ್ಪನ ಪಿಸುದನಿ ಸರಾಗವಾಗಿ ಸಾಗುತ್ತಿತ್ತು. ಹಿಂದೆಲ್ಲೋ, ಗೋಡೆಯಾಚೆಯಿಂದ ಬಂದ ಹಾಗೆ, ಒಂದು ಮಗುವಿನ ಕೂಗು: ಅಪ್ಪಾ... ಅಪ್ಪಾ. ಮಗು ವಾಂತಿ ಮಾಡಿಕೊಳ್ಳುತ್ತಿರುವ ಸದ್ದು. ಹಾಳೆಯ ಸರಪರ. ಮರದ ಗೂಡಿನ ಕಿರ್ರೆನ್ನುವಿಕೆ. ಒಂದು ಸಾಲಿನಷ್ಟು ಹೊತ್ತು ಪಿಸುದನಿಯೇ ಇಲ್ಲ. ಆಮೇಲೆ ಹೆಣ್ಣುದನಿ, ಎಲ್ಲೂ ತಡವರಿಸದೆ, ಸ್ಪಷ್ಟವಾಗಿ, ಇಡೀ ನಾಟಕ ಬಾಯಿಪಾಠ ಇದ್ದವಳ ದನಿ. ಮೊದಲ ಗಂಟೆ. ಗಾಡಿ ಕಿರುಗುಟ್ಟಿ ನಿಂತದ್ದು, ಮತ್ತೆ ಕಿರುಗುಟ್ಟಿದ್ದು, ಮತ್ತೆ ನಿಂತದ್ದು. ಬಡಿತವಿಲ್ಲ. 'ಈ ನೆಲವೇ ನನ್ನನ್ನು ನುಂಗಲಿ' ಎಂದು ಹೆಣ್ಣುದನಿ ಎತ್ತಿಕೊಟ್ಟಿತು. ಮಾವ ಅಂದ. ಪುಸ್ತಕದಲ್ಲಿದ್ದ ಹಾಗೇ, ಕೂದಲೆಳೆಯಷ್ಟೂ ಹಿಂದುಮುಂದಿಲ್ಲದೆ, ಗಂಟೆ.

ಅದು ಅಮ್ಮನ ದನಿ. ಯಂತ್ರ ತಪ್ಪು ತೋರಿಸಿರಲಿಲ್ಲ. ಸೋಮವಾರವೂ ತೋರಿಸಿರಲಿಲ್ಲ. ಕನವರಿಕೆ ಎಂದು ಅವಳು ಹೊಡೆದುಹಾಕಿದ ಕೂಗು ಅವಳದೇ ಆಗಿತ್ತು.

ಅವಳಿಗೆ ಆಗ ಒಂಬತ್ತು ವರ್ಷ, ಮೈ ಸುಡುವ ಜ್ವರ. ರಂಗಮಂದಿರದ ಹಿಂದಿನ ಚರಂಡಿಯ ಅಂಚು, ಹಣೆಯನ್ನು ಹಿಡಿದುಕೊಂಡ ಅಪ್ಪನ ಅಂಗೈ, ಒಳಗಿನಿಂದ ಗಂಟೆ, ಆ ಅಂಗೈ ಒಮ್ಮೆಲೆ ಬಿಗಿಯಾದದ್ದು, 'ಬಡಿದ್ನಾ?' ಎಂದು ಅಪ್ಪ ತನ್ನಷ್ಟಕ್ಕೆ ಕೇಳಿಕೊಂಡದ್ದು, ಎಲ್ಲ ನೆನಪಿತ್ತು. ಕಂಪನಿ ಊರೂರು ತಿರುಗುತ್ತಿತ್ತು, ಅವಳಿಗೆ ಜ್ವರವೂ ಆಗಾಗ ಬರುತ್ತಿತ್ತು. ಅದು ಬೇರೆ ಯಾವುದೋ ಊರು, ಬೇರೆ ಯಾವುದೋ ದಿನ ಎಂದುಕೊಂಡೇ ಬೆಳೆದಿದ್ದಳು. ಮನೆಯಲ್ಲಿ ಆ ದಿನದ ಸುದ್ದಿಯನ್ನು ಯಾರೂ ಎತ್ತದ ಮೇಲೆ ಹೊಂದಿಸಿ ನೋಡುವುದಾದರೂ ಹೇಗೆ?

ಹೆಡ್‌ಫೋನಿಗೆ ತನಗೆ ತಲೆನೋವು ಎಂದು ಹೇಳಿ ಮಧ್ಯಾಹ್ನವೇ ಮನೆಗೆ ಬಂದಳು. ಅಮ್ಮ ಔಷಧಿ ತರಲು ಹೋಗಿದ್ದಳು. ಅಪ್ಪನ ಹಾಸಿಗೆಯ ಪಕ್ಕ ಕೂತು, ಕೇಳಿದೆ ಅಪ್ಪ, ಎಲ್ಲಾ ಕೇಳಿದೆ ಅಂದಳು. ಅಪ್ಪನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬಹಳ ಹೊತ್ತು ಉಸಿರು ಹೆಕ್ಕಿಕೊಂಡ.

"ಎರಡೇ ನಿಮಿಷ ಅಂತ ಪುಸ್ತಕ ಅವಳ ಕೈಗೆ ಕೊಟ್ಟು ಎದ್ದೆ," ಅಂದ. "ಮಾತೆಲ್ಲಾ ಅವಳಿಗೆ ಬಾಯಲ್ಲೇ ಇತ್ತು. ಬಡಿಯೋದು ಗೊತ್ತಿರ್ಲಿಲ್ಲ. ನಾನು ಯಾವತ್ತೂ ಹೇಳಿರ್ಲಿಲ್ಲ. ಹೇಳ್ದೇ ಇದ್ದೋನು ನಾನು, ತಪ್ಪೂ ನಂದೇ."

ಆ ಗೂಡಿನೊಳಗೆ ಯಾರಿದ್ದರೆಂದು ಬೇರೆ ಯಾರೂ ಕಂಡಿರಲಿಲ್ಲವಂತೆ. ದನಿ ಗುರುತಿಸಿದವನು ರಂಗದ ಮೇಲಿದ್ದ ಮಾವನೊಬ್ಬನೇ, ಅವನು ಕಲ್ಲಿನ ಮೇಲೆ ಬಿದ್ದಿದ್ದ. ಅಪ್ಪ ಓಡಿಬಂದು ಹೆಂಡತಿಯ ಕೈಯಿಂದ ಪುಸ್ತಕ ಕಿತ್ತುಕೊಂಡು ನಿಂತುಬಿಟ್ಟನಂತೆ. ತಮ್ಮನನ್ನು ಗಂಡ ಕೊಂದ ಎಂದು ಬದುಕುವುದು, ತಾನೇ ಕೊಂದೆ ಎಂದು ಬದುಕುವುದಕ್ಕಿಂತ ಅವಳಿಗೆ ಸುಲಭವಾದೀತು ಎಂದು ಆ ಗಳಿಗೆಯಲ್ಲಿ ತೋರಿತಂತೆ.

ಮತ್ತೆ ಅಮ್ಮ ಯಾಕೆ ನಿನ್ನ ಜೊತೆ ಮಾತಾಡುವುದಿಲ್ಲ ಎಂದು ಮಗಳು ಕೇಳಿದಳು.

"ಜೈಲಿಂದ ಬಂದ ದಿನ, ನಿಜ ಹೇಳಿಬಿಡ್ತೀನಿ ಅಂತ ಕೂತ್ಲು. ಬೇಡ ಅಂದೆ. ಮಗು ಬೆಳೀಬೇಕು, ಅಮ್ಮನ್ನೂ ಜೈಲಿಗೆ ಕಳ್ಸೋದಾ? ಬಾಯಿ ತೆಗೆದ್ರೆ ಅದೇ ಬರುತ್ತೆ ಅಂದ್ಲು. ಹಾಗಾದ್ರೆ ತೆಗೀಬೇಡ ಅಂದೆ." ಅಪ್ಪ ಕಣ್ಣು ಮುಚ್ಚಿಕೊಂಡ. "ತೆಗೀಲಿಲ್ಲ. ಮಾರನೇ ದಿನದಿಂದ ಬಡಿಯೋಕೆ ಶುರು ಮಾಡಿದ್ಲು. ನಾನು ಹ್ಞೂಂ ಅನ್ನೋವರೆಗೂ ಕೈ ತೆಗೀತಿರ್ಲಿಲ್ಲ."

ನಾನು ಕೂಗದಿದ್ದರೆ ಏನೂ ಆಗುತ್ತಿರಲಿಲ್ಲವಲ್ಲ ಎಂದು ಮಗಳು ಅಳತೊಡಗಿದಳು. ಅಪ್ಪ ಅವಳ ಹಣೆಯ ಮೇಲೆ ಕೈಯಿಟ್ಟ. ಅದೇ ಅಂಗೈ, ಈಗ ಬರೀ ಎಲುಬು.

"ಮಗು ಕರೆದ್ರೆ ಏಳ್ದೇ ಇರೋಕಾಗುತ್ತಾ ಪುಟ್ಟಿ? ಆ ಸಾಲು ಹೊಡೆದುಹಾಕು. ಇನ್ಯಾರೂ ಕೇಳೋದು ಬೇಡ."

ಅಮ್ಮ ಬಂದು ತಟ್ಟೆ ಹಾಕುವಾಗ ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. "ಬಡಿ ಅಮ್ಮ," ಎಂದಷ್ಟೇ ಅಂದಳು. ಅಮ್ಮ ಮಗಳ ಊದಿದ ಕಣ್ಣನ್ನು ನೋಡಿದಳು. ಇವಳಿಗೆ ತಿಳಿದುಹೋಗಿದೆ ಎಂಬುದು ಆ ಒಂದು ನೋಟದಲ್ಲೇ ಅವಳಿಗೆ ಗೊತ್ತಾಯಿತು. ತಟ್ಟೆಯನ್ನು ಒಯ್ದು ಸ್ಟೂಲಿನ ಮೇಲಿಟ್ಟು ಮೂರು ಸಲ ಬಡಿದಳು. ಒಳಗಿನಿಂದ 'ಹ್ಞೂಂ' ಬಂತು. ಎರಡು ಹೊತ್ತಿನ ಉಪವಾಸದ ಮೇಲೆ ಅಪ್ಪ ನಾಲ್ಕು ತುತ್ತು ತಿಂದ.

ಗುರುವಾರ ಅವಳು ಕೊನೆಯ ಟೇಪಿನ ನೇರಳೆ ಪಟ್ಟಿಯನ್ನು ಅಷ್ಟೂ ಬೂದು ಮಾಡಿದಳು. ಆಮೇಲೆ ಇಡೀ ಪಟ್ಟಿಯ ಮೇಲೆ 'ಸದ್ದು' ಎಂದು ಗುರುತು ಹಾಕಿ ಅಳಿಸಿದಳು. ಹೊಡೆದುಹಾಕಿದ 'ಅಪ್ಪಾ' ಹೊಡೆದುಹಾಕಿದ ಹಾಗೇ ಇತ್ತು. ಇಪ್ಪತ್ತು ವರ್ಷದಲ್ಲಿ ತಪ್ಪೆಂದು ಗೊತ್ತಿದ್ದೂ ಅವಳು ಬಿಟ್ಟ ಮೊದಲ ತಪ್ಪು ಅದು. ಎರಡನೆಯದು ಮರುವಾರ ಮೇಜಿಗೆ ಬಂತು. ಈ ಟೇಪುಗಳ ಬಗ್ಗೆ ಮೇಡಂ ಬರೆದ ಪುಸ್ತಕದ ಮುನ್ನುಡಿಯ ಪ್ರೂಫು, ಅದರ ಅಡಿಟಿಪ್ಪಣಿಯಲ್ಲಿ 'ಪ್ರಾಂಪ್ಟರನ ನಿರ್ಲಕ್ಷ್ಯದಿಂದಾಗಿ ಹೆಸರಾಂತ ನಟನೊಬ್ಬನು ಪ್ರಾಣ ಕಳೆದುಕೊಂಡ ಈ ಪ್ರದರ್ಶನ' ಎಂದಿತ್ತು. ಅವಳು ಆ ಸಾಲನ್ನು ನಾಲ್ಕು ಸಲ ಓದಿದಳು. ಈ ಸಾಲು ಇನ್ನು ಅಳಿಯುವುದಿಲ್ಲ, ಹುಡುಕಿದವರಿಗೆಲ್ಲ ಮೊದಲು ಸಿಗುವುದು ಇದೇ, ಅಪ್ಪ ಸತ್ತ ಮೇಲೂ ಎಂದು ಅವಳಿಗೆ ಗೊತ್ತಿತ್ತು. ಸಾಲಿನಲ್ಲಿ ಅಕ್ಷರದೋಷ ಇರಲಿಲ್ಲ. ಕೆಳಗೆ ಸಹಿ ಹಾಕಿ ಕಳಿಸಿದಳು.

ಅದಾಗಿ ಒಂಬತ್ತನೇ ದಿನ, ಮಧ್ಯಾಹ್ನ, ಮಗಳು ಅಪ್ಪನ ಕೈ ಹಿಡಿದು ಕೂತಿದ್ದಾಗ ಉಸಿರು ಎರಡು ಸಲ ಎಳೆದು ನಿಂತಿತು. ಅವಳು ಕೂಗಲಿಲ್ಲ. ಒಮ್ಮೆ ಕೂಗಿದ್ದೇ ಸಾಕಾಗಿತ್ತು. ಅಡಿಗೆಮನೆಯಲ್ಲಿ ಚಮಚದ ಸದ್ದು ಆಯಿತು, ಹೆಜ್ಜೆ ಬಂತು, ಸ್ಟೂಲಿನ ಮೇಲೆ ಲೋಟ ಇಟ್ಟದ್ದು ಕೇಳಿಸಿತು.

ಟಕ್, ಟಕ್, ಟಕ್.

ಅಮ್ಮ ಕಾದಳು. ಮತ್ತೆ ಮೂರು ಸಲ ಬಡಿದಳು. ಬಾಗಿಲು ಅರ್ಧ ತೆರೆದೇ ಇತ್ತು, ಲೋಟದ ಮೇಲೆ ಮುಚ್ಚಿದ ಅವಳ ಕೈ ಮಗಳಿಗೆ ಕಾಣುತ್ತಿತ್ತು. ಒಳಗೆ ಏನಾಗಿದೆ ಎಂದು ಆ ಕೈಗೆ ತಿಳಿದಿತ್ತು, ಆದರೂ ಅದು ಏಳಲಿಲ್ಲ. ಉತ್ತರ ಬರದೆ ಅವಳು ಇನ್ನೊಮ್ಮೆ ಮುಂದಕ್ಕೆ ಹೋಗುವವಳಲ್ಲ, ಕತ್ತಲಾದರೂ ಅಲ್ಲೇ ನಿಂತಿರುತ್ತಾಳೆ ಎಂದು ಮಗಳಿಗೆ ಅರ್ಥವಾಯಿತು. ಮೂರನೇ ಸಲ ಬಡಿತ ಬಂದಾಗ ಅವಳು ಗಂಟಲು ಸರಿಮಾಡಿಕೊಂಡು, ಅಪ್ಪನ ಹಾಗೇ, "ಹ್ಞೂಂ," ಅಂದಳು.

ಅಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. ಮೊದಲು ಬಗ್ಗಿ, ಅವನು ಮಲಗಿದ್ದ ಹಾಸಿಗೆಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ಅಂಗೈಯಿಂದ ಒತ್ತಿ ಒತ್ತಿ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತು ಬಾಯಿ ತೆಗೆದಳು. ಅವಳ ಮಾತು ಸಂಜೆಯವರೆಗೂ ಮುಗಿಯಲಿಲ್ಲ, ಕೇಳಿಸಿಕೊಂಡವಳು ಮಗಳೊಬ್ಬಳೇ.